ಸಿರಿಗೇರಿಯ ಮೂರನೇ ಭೇಟಿ

ಹೋದ ತಿಂಗಳು ಕುರುಗೋಡಿಗೆ ನಾದಿನಿಯ ಹೊಸ ಮನೆಯ ಪ್ರವೇಶಕ್ಕೆಂದು ಹೋಗಿದ್ದೆ. ಊಟವಾದ ಮೇಲೆ ಹೆಂಗಸರೆಲ್ಲ ಗುಡ್ಡದ ಬುಡದಲ್ಲಿರುವ ಹಳೆಯ ಗುಡಿಗಳನ್ನು ನೋಡಿ ಬರೋಣ ಎಂದು ಹೊರಟರು. ಒಂದು ಹಾಳು ಮಂಟಪದ ಬಾಗಿಲ ಹತ್ತಿರ ಹೋಗುತ್ತಲೇ ಎಲ್ಲರೂ ಮೂಗಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದರು. ನಾನು ಮಾತ್ರ ಅಲ್ಲೇ ನಿಂತೆ. ತೊಯ್ದ ಗೋಣಿಚೀಲ, ಹಳೆಯ ಮೂತ್ರ, ಒಣಗಿದ ಹುಳಗಳ ಪುಡಿ ಎಲ್ಲವೂ ಕಲೆತಂಥ ಆ ಘಾಟು ಗಂಟಲಿಗೆ ಇಳಿದೊಡನೆ ನನ್ನ ಎದೆ ಡವಗುಟ್ಟಿತು.

"ಅಷ್ಟ್ ಘಮಾ ಅನಸ್ತೈತೇನ್ ಅತ್ತಿಗಿ?" ಎಂದು ನಾದಿನಿ ನಕ್ಕಳು. ನಾನೂ ನಕ್ಕೆ. ಆದರೆ ಮೂರು ವರ್ಷದ ಹಿಂದಿನ ಆ ಬೇಸಿಗೆಯಿಂದ ಈಚೆಗೆ ಈ ವಾಸನೆ ನನಗೆ ವಾಸನೆಯಾಗಿ ಉಳಿದಿಲ್ಲ. ಯಾರೋ ಹೆಸರು ಹಿಡಿದು ಕೂಗಿ ಕೇಳಿದಂತೆ ಆಗುತ್ತದೆ.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಲ್ಯಾಬ್ ಸಹಾಯಕಿ. ಮನೆ ಗಾಂಧಿನಗರದಲ್ಲಿ. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗಳಲ್ಲಿ ಫಾರ್ಮಲಿನ್ ಇಳಿದಿದ್ದರೆ ತುಂಬುವುದು, ಸ್ಟಾಕ್ ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಪ್ರತಿ ಮಾರ್ಚಿನಲ್ಲಿ ಬೀರುವಿನೊಳಗಿನ ಪ್ರತಿಯೊಂದು ಬಾಟಲಿಯನ್ನೂ ನೋಡಿ ಬರೆಯಬೇಕು. ಮೊದಲ ಸಾಲಿನಲ್ಲಿ 'ಇದೆ, ಸುಸ್ಥಿತಿಯಲ್ಲಿದೆ' ಎಂದು ಬರೆದು ಅದರ ಕೆಳಗೆ ಪುಟದ ಉದ್ದಕ್ಕೂ ಡಿಟ್ಟೊ, ಅಂದರೆ 'ಮೇಲಿನಂತೆಯೇ' ಎನ್ನುವ ಎರಡು ಪುಟ್ಟ ಗೀಟು. ಮೊದಮೊದಲು ಬೀರುವಿನ ಬಾಗಿಲು ತೆಗೆದು ನೋಡುತ್ತಿದ್ದೆ. ಆಮೇಲಾಮೇಲೆ ಬಿಟ್ಟೆ. ಬಾಟಲಿಯೊಳಗಿನ ಹಾವು ಎದ್ದು ಎಲ್ಲಿಗೆ ಹೋಗುತ್ತದೆ? ಹಾಗೆ ಇಪ್ಪತ್ತೆರಡು ವರ್ಷ ಬರೆದ ಕೈ ಇದು.

ಆ ಬೇಸಿಗೆಗೆ ಮುಂಚಿನ ದೀಪಾವಳಿ ಕಳೆದ ಮೇಲೆ ನಮ್ಮ ವಿಭಾಗಕ್ಕೆ ನೇತ್ರಾ ಎಂಬ ಸಂಶೋಧಕಿ ಬಂದರು. ರಾಯಚೂರು ಕಡೆಯವರು, ಇಪ್ಪತ್ತೆಂಟರ ಹುಡುಗಿ. ವಯಸ್ಸಿನಲ್ಲಿ ನನ್ನ ಮಗಳಂಥವರಾದರೂ ನನ್ನ ಬಾಯಿಗೆ ಮೇಡಂ ಎಂದೇ ಬರುತ್ತಿತ್ತು. ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಅವರ ಬಾಡಿಗೆ ಕೋಣೆ. ಇಲಿಬಾಲದ ಬಾವಲಿ ಎಂಬ ಒಂದು ಸಣ್ಣ ಬಾವಲಿ ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿದೆ, ಎಲ್ಲಿಗೆ ಬಂದು ನಿಂತಿದೆ ಎಂದು ನಕ್ಷೆ ಮಾಡುವುದು ಅವರ ಕೆಲಸ. ಹೆಚ್ಚಿನ ಸಣ್ಣ ಬಾವಲಿಗಳ ಬಾಲ ರೆಕ್ಕೆಯ ತೊಗಲಿನೊಳಗೆ ಸೇರಿರುತ್ತದೆ. ಇದರದು ಇಲಿಯ ಬಾಲದ ಹಾಗೆ ತೆಳ್ಳಗೆ, ಉದ್ದಕ್ಕೆ, ಬಿಡಿಯಾಗಿ ಜೋತಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಒಣ ಸೀಮೆಯ ಬಂಡೆಗವಿ, ಹಾಳುಗುಡಿ, ಹಳೆಯ ಕಲ್ಲಿನ ಕಟ್ಟಡ ಅಂದರೆ ಅದಕ್ಕೆ ಇಷ್ಟ.

ಅವರ ಮೇಜಿನ ಎದುರಿನ ಗೋಡೆಯಲ್ಲಿ ಅಮೆರಿಕದ ನಕ್ಷೆಯೊಂದಿತ್ತು. ಅಲ್ಲಿನ ಪಶ್ಚಿಮದ ಒಣ ನಾಡುಗಳಲ್ಲಿರುವ ಬಿಳಚು ಬಣ್ಣದ ಬಾವಲಿಯೊಂದು ಕೆನಡಾದ ಕಣಿವೆಯಿಂದ ಮೆಕ್ಸಿಕೋವರೆಗೆ ಎಲ್ಲೆಲ್ಲಿ ಸಿಕ್ಕಿದೆ ಎಂದು ಚುಕ್ಕೆ ಇಟ್ಟದ್ದು. ಕಂಡಲ್ಲಿ ಕರಿ ಚುಕ್ಕೆ, ಹುಡುಕಿಯೂ ಕಾಣದಲ್ಲಿ ಬರಿ ಸೊನ್ನೆ. ನಮ್ಮ ನಕ್ಷೆಯೂ ಹೀಗೇ ಆಗಬೇಕು ಎನ್ನುತ್ತಿದ್ದರು. ಸೊನ್ನೆ ಯಾಕೆ ಬೇಕು, ಇಲ್ಲದ್ದನ್ನು ಬರೆದು ಏನು ಮಾಡುವುದು ಎಂದು ನಾನು ಕೇಳಿದಾಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ಇದೆ: "ಐತಿ ಅನ್ನೋದು ಎಷ್ಟ್ ದೊಡ್ಡ ಸುದ್ದಿನೋ ಇಲ್ಲ ಅನ್ನೋದೂ ಅಷ್ಟ ದೊಡ್ಡ ಸುದ್ದಿ ಅಕ್ಕ. ನೋಡಿ ಇಲ್ಲ ಅನ್ಬೇಕು, ಅಷ್ಟ."

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯ ನಕ್ಷೆಗೆ ಪೆನ್ಸಿಲಿನಲ್ಲಿ ಚೌಕ ಎಳೆದರು. ಒಂದೊಂದು ಚೌಕಕ್ಕೆ ಮೂರು ಭೇಟಿ: ಚಳಿಯಲ್ಲಿ ಒಂದು, ಶಿವರಾತ್ರಿ ಹೊತ್ತಿಗೆ ಒಂದು, ಸುಡು ಬೇಸಿಗೆಯಲ್ಲಿ ಒಂದು. ನಾನು ಬುತ್ತಿ ಕಟ್ಟಿಕೊಂಡು ಅವರ ಸ್ಕೂಟರಿನ ಹಿಂದೆ ಕೂರುತ್ತಿದ್ದೆ. ಟಾರ್ಚಿನ ಬಾಯಿಗೆ ಕೆಂಪು ಹಾಳೆ ಸುತ್ತಿ ಒಳಗೆ ಹೋಗುವುದು, ಎಣಿಸುವುದು, ಹಿಕ್ಕೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟುವುದು, ಹೊರಗೆ ಬಂದು ರಿಜಿಸ್ಟರ್ ಬರೆಯುವುದು. ಬರವಣಿಗೆ ನನ್ನದು, ನನ್ನ ಅಕ್ಷರ ದುಂಡಗಿದೆ ಎಂದು ಅವರೇ ಒಪ್ಪಿಸಿದ್ದರು. ಕುರುಗೋಡಿನ ಆ ಮಂಟಪದಲ್ಲಿ ಚಳಿಗಾಲದಲ್ಲಿ ನಾನೂರಕ್ಕೂ ಮೇಲೆ ಇದ್ದವು. ಸಿರಿಗೇರಿಯಲ್ಲಿ ಪಂಪಾಪತಿ ಸಾವ್ಕಾರರ ಹಳೆಯ ಹತ್ತಿ ಜಿನ್ನು, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆ, ಇತ್ತು. ಯಂತ್ರ ನಿಂತು ಎಷ್ಟೋ ವರ್ಷವಾಗಿ ಬರೀ ಕಲ್ಲಿನ ಶೆಡ್ಡು ಉಳಿದಿತ್ತು. ಅಲ್ಲಿ ಎರಡು ಸಲವೂ ಒಂದೂ ಸಿಗಲಿಲ್ಲ. ಎರಡು ಸಲವೂ 'ಇಲ್ಲ' ಎಂದು ಬರೆದೆ.

ಮೇ ತಿಂಗಳಲ್ಲಿ ಮೇಡಂ ವಿಶ್ವವಿದ್ಯಾಲಯದ ಕೆಲಸಕ್ಕೆ ಮೂರು ವಾರ ಹೋಗಬೇಕಾಯಿತು. ಹೋಗುವ ಮುಂಚೆ ಕುರುಗೋಡಿನ ಮಂಟಪವನ್ನು ಇಬ್ಬರೂ ನೋಡಿ ಬಂದೆವು. ಅರ್ಧಕ್ಕರ್ಧ ಬಾವಲಿ ಕಡಿಮೆಯಾಗಿದ್ದವು. ಎಲ್ಲಿ ಹೋದವು ಎಂದು ಅವರು ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, ಎರಡು ಭೇಟಿಯಲ್ಲೂ 'ಇಲ್ಲ' ಎಂದಾಗಿದ್ದ ಹದಿನಾಲ್ಕು ಚೌಕಗಳ ಮೂರನೇ ಭೇಟಿಯನ್ನು ನನಗೆ ಒಪ್ಪಿಸಿ ಹೊರಟರು. ಅಷ್ಟು ನಂಬಿಕೆ ನನ್ನ ಮೇಲೆ ಯಾರೂ ಇಟ್ಟಿರಲಿಲ್ಲ. ನಾನು ಬೆಳಗಿನ ಬಸ್ಸು ಹಿಡಿದು ಹೋಗಿ ಒಂದೊಂದಾಗಿ ಮುಗಿಸುತ್ತ ಬಂದೆ.

ಕೊನೆಗೆ ಉಳಿದದ್ದು ಎರಡು, ಸಿರುಗುಪ್ಪ ಮತ್ತು ಸಿರಿಗೇರಿ. ಬೆಳಿಗ್ಗೆ ಸಿರುಗುಪ್ಪಕ್ಕೆ ಹೋಗಿ ಹೊಳೆಯ ಕಡೆಯ ಹಾಳು ಗೋಡೆಗಳನ್ನೆಲ್ಲ ನೋಡಿ ಮುಗಿಸಿದೆ. ತಿರುಗಿ ಬರುವಾಗ ಸಿರಿಗೇರಿ ಕ್ರಾಸಿನಲ್ಲಿ ಇಳಿಯುವುದು ಎಂದುಕೊಂಡಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಮ್ಮನ ಮಗಳು ಗಿರಿಜಕ್ಕ ಸಿಕ್ಕಳು. ನನ್ನ ಕೆಂಪಗಾದ ಮುಖ, ಕೈಯ ಟಾರ್ಚು ನೋಡಿ ಅವಳು ಬಿಡಲಿಲ್ಲ.

"ಈ ಬಿಸಲಾಗ ಬಾವಲಿ ಸುದ್ದಾ ಹೊರಗ ಬರಂಗಿಲ್ಲ, ನೀ ಎಲ್ಲಿ ಹೊಂಟೀಯೇ? ಮನಿಗೆ ಬಾ. ಉಂಡು ಒಂದ್ ಗಳಿಗಿ ಬೀಳು."

ಮಾವಿನಹಣ್ಣಿನ ಸೀಕರಣಿ ಮಾಡಿದ್ದಳು, ಮೆತ್ತನೆಯ ಚಪಾತಿ. ಉಂಡು ಕೂಲರಿನ ಮುಂದೆ ಚಾಪೆಯ ಮೇಲೆ ಬಿದ್ದವಳು ಏಳುವಾಗ ಐದು ಗಂಟೆ ಆಗಿತ್ತು. ಆಮೇಲೆ ಚಹಾ, ಆಮೇಲೆ ಅವಳ ಸೊಸೆಯ ದೂರು. ಬಸ್ಸು ಸಿರಿಗೇರಿ ಕ್ರಾಸಿಗೆ ಬಂದಾಗ ಹೊತ್ತು ಇಳಿದಿತ್ತು. ಕಂಡಕ್ಟರ್ ಹೆಸರು ಕೂಗಿದ, ಇಬ್ಬರು ಇಳಿದರು. ನಾನು ಕಿಟಕಿಯಿಂದ ಆ ದಾರಿಯನ್ನು ನೋಡಿದೆ. ಈಗ ಇಳಿದರೆ ಊರೊಳಗೆ ಹೋಗಲು ಟಂಟಂ ಆಟೋ ಸಿಗುತ್ತದೋ ಇಲ್ಲವೋ, ಸಾವ್ಕಾರರ ಮನೆಗೆ ಹೋಗಿ ಕೀಲಿ ಕೇಳಬೇಕು, ಮನೆಯಲ್ಲಿ ಅಡುಗೆ ಆಗಬೇಕು. ಎರಡು ಸಲ ಇಲ್ಲದ್ದು ಈಗೆಲ್ಲಿಂದ ಬರುತ್ತದೆ? ಬಸ್ಸು ಹೊರಟಿತು. ರಿಜಿಸ್ಟರನ್ನು ತೊಡೆಯ ಮೇಲೆ ತೆಗೆದು ತಾರೀಕು, ಹೊತ್ತು ಬರೆದೆ. ಅದರ ಮುಂದೆ, ಮೇಲಿನ ಸಾಲಿನ ಸಿರುಗುಪ್ಪದ 'ಇಲ್ಲ'ದ ಕೆಳಗೆ, ಎರಡು ಪುಟ್ಟ ಗೀಟು ಎಳೆದೆ. ಬಸ್ಸು ಕುಲುಕುತ್ತಿದ್ದರೂ ಗೀಟು ನೆಟ್ಟಗೇ ಬಂದವು.

ಮೊದಲ ನಾಲ್ಕು ದಿನ ನನಗೆ ಅದು ನೆನಪಿಗೂ ಬರಲಿಲ್ಲ. ಕಳವಳ ಶುರುವಾದದ್ದು ಮೇಡಂ ವಾಪಸ್ಸು ಬಂದು, ರಿಜಿಸ್ಟರ್ ತಿರುವಿ, "ಹದಿನಾಲ್ಕೂ ಮುಗಿಸೀರಲ್ಲ ಅಕ್ಕ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಾಗ. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಚಹಾ ತರಲೇನು ಎಂದು ಕೇಳಿದೆ.

ಜೂನ್ ಮುಗಿಯುತ್ತಿತ್ತು. ಮಳೆಯ ಬದಲು ಬರೀ ಗಾಳಿ. ಲ್ಯಾಬಿನ ಕಿಟಕಿ ಎಷ್ಟು ಮುಚ್ಚಿದರೂ ಮೇಜಿನ ಮೇಲೆ ಕೆಂಧೂಳು ಕೂರುತ್ತಿತ್ತು. ದಿನಕ್ಕೆ ಮೂರು ಸಲ ಒರೆಸುತ್ತಿದ್ದೆ. ಒಂದು ಸೋಮವಾರ ಹಾಗೆ ಒರೆಸುತ್ತಿರುವಾಗ ಮೇಡಂಗೆ ಪಂಪಾಪತಿ ಸಾವ್ಕಾರರ ಫೋನು ಬಂತು. ಬೇಸಿಗೆ ಭತ್ತ ಮನೆಗೆ ಬಂದಿದೆ, ಜಿನ್ನಿನ ಶೆಡ್ಡಿನಲ್ಲಿ ಚೀಲ ಇಡಬೇಕು, ಪಾರಿವಾಳದ ಕಾಟ ತಪ್ಪಿಸಲು ಬೆಳಕಿಂಡಿಗಳನ್ನು ಇಟ್ಟಿಗೆ ಸಿಮೆಂಟಿನಿಂದ ಮುಚ್ಚಿಸುತ್ತೇನೆ, ನಿಮ್ಮ ಬಾವಲಿ ಒಳಗೇನೂ ಇಲ್ಲವಲ್ಲ ಎಂದು ಕೇಳಿದರು. ಕೇಳುವ ಅಗತ್ಯ ಅವರಿಗೆ ಇರಲಿಲ್ಲ. ಶೆಡ್ಡಿಗೆ ಕೈ ಹಾಕುವ ಮುಂಚೆ ತಿಳಿಸಿ ಎಂದು ಚಳಿಗಾಲದಲ್ಲಿ ಮೇಡಂ ಒಂದು ಮಾತು ಹೇಳಿದ್ದರು, ಅದನ್ನು ನೆನಪಿಟ್ಟುಕೊಂಡು ಕೇಳಿದರು, ಪಾಪ. ಮೇಡಂ ರಿಜಿಸ್ಟರ್ ತೆಗೆದು ಬೆರಳಿಟ್ಟು ನೋಡಿದರು.

"ಮೂರು ಸಲ ನೋಡೇವ್ರಿ ಸಾವ್ಕಾರ್ರ, ಒಂದೂ ಇಲ್ಲ. ಮುಚ್ಚಿಸ್ರಿ."

ನಾನು ಅರಿವೆಯನ್ನು ಹಿಂಡುತ್ತ ನಿಂತಿದ್ದೆ. ನೀರು ನನ್ನ ಸೀರೆಯ ಮೇಲೇ ಹರಿಯಿತು.

ಆ ಎರಡು ದಿನ ನಾನು ಮಾಡಿದ ಕೆಲಸವೊಂದೂ ಸರಿಯಾಗಲಿಲ್ಲ. ಹಾಲು ಉಕ್ಕಿ ಹೋಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮ ಮನೆಯವರು ಉಂಡು ಸುಮ್ಮನಾದರು. ನನ್ನ ಮುಖ ಹಾಗಿತ್ತೇನೋ. ಚಳಿಯಲ್ಲಿ ಇಲ್ಲ, ಶಿವರಾತ್ರಿಗೆ ಇಲ್ಲ, ಆದ್ದರಿಂದ ಈಗಲೂ ಇಲ್ಲ ಎಂದು ಮನಸ್ಸಿನಲ್ಲಿ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದೆ. ಒಪ್ಪಿಸಿದಷ್ಟೂ ಅದು ಬಿಚ್ಚಿಕೊಳ್ಳುತ್ತಿತ್ತು. ಬುಧವಾರ ಸಂಜೆ ಮೇಡಂ ನಕ್ಷೆಗೆ ಸೊನ್ನೆಗಳನ್ನು ಬರೆಯುತ್ತ ಕೂತಿದ್ದರು. ಸಿರಿಗೇರಿಯ ಸೊನ್ನೆ ಬರೆದು ಪೆನ್ಸಿಲ್ ಕೆಳಗಿಟ್ಟರು. ಕುರುಗೋಡಿನಲ್ಲಿ ಉಳಿದ ಬಾವಲಿಗಳ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ, ಎಲ್ಲ ಗಂಡೇ, ಎಂದರು. ಹೆಣ್ಣೆಲ್ಲ ಒಟ್ಟಾಗಿ ಮರಿ ಹಾಕಲು ಬೇರೆ ಬೆಚ್ಚನೆಯ ಜಾಗಕ್ಕೆ ಹೋಗಿರಬೇಕು, ಬೇಸಿಗೆಗೆ ಹೋಗಿ ಮಳೆಗಾಲ ಮುಗಿಸಿ ಬರಬಹುದು, ಆದರೆ ಸುತ್ತ ಎಲ್ಲ ನೋಡಿದ್ದೇವಲ್ಲ, ಎಲ್ಲಿ ಹೋದವು, ಎಂದು ನನ್ನನ್ನೇ ಕೇಳಿದರು.

ಎಷ್ಟು ದೂರ ಹೋಗಬಹುದು ಎಂದು ಕೇಳಿದೆ. 

"ಭಾಳ ದೂರ ಇಲ್ಲ ಅಕ್ಕ. ಸಿರಿಗೇರಿ ಕಡಿ, ದೇಶನೂರ ಕಡಿ ಎಲ್ಲೋ ಇರ್ಬೇಕಿತ್ತು. ಅಲ್ಲಂತೂ ಇಲ್ಲ."

ಮನೆಗೆ ಹೋಗುವ ದಾರಿಯಲ್ಲೇ ಸಾವ್ಕಾರರಿಗೆ ಫೋನು ಮಾಡಿದೆ. ಅವರ ಹೆಂಡತಿ ಎತ್ತಿದರು. ಸಾವ್ಕಾರರು ಫೋನು ಮನೆಯಲ್ಲೇ ಬಿಟ್ಟು ಮಂತ್ರಾಲಯಕ್ಕೆ ಹೋಗಿದ್ದರು. ಗಾರೆಯವನು ಬೆಳಿಗ್ಗೆಯಿಂದ ಕೆಲಸದಲ್ಲಿದ್ದಾನೆ ಎಂದರು. ನಿಲ್ಲಿಸಲು ಹೇಳಿ ಎಂದೆ. ಅವರು ಹೇಳಿ ಹೋದ ಕೆಲಸ ನಾನು ಹೇಗೆ ನಿಲ್ಲಿಸಲಿ, ನಿಮ್ಮ ಮೇಡಂ ಕಡೆಯಿಂದ ಒಂದು ಮಾತು ಹೇಳಿಸಿ, ಎಂದರು. ಮೇಡಂ ಕೋಣೆ ಅಲ್ಲಿಂದ ಎರಡು ಓಣಿ. ಅವರು ಸ್ಕೂಟರಿನಲ್ಲಿ ನನಗಿಂತ ಮುಂಚೆಯೇ ಬಂದಿದ್ದರು, ದೀಪ ಉರಿಯುವುದು ಕಾಣುತ್ತಿತ್ತು. ನಾನು ಹೋಗಲಿಲ್ಲ. ಬೆಳಿಗ್ಗೆ ನಾನೇ ಹೋಗಿ ನೋಡಿದರಾಯಿತು, ಏನೂ ಇರದಿದ್ದರೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಎಳೆದ ಗೀಟಿಗಿಂತ ಇದು ದೊಡ್ಡ ತಪ್ಪು. ಆವತ್ತು ಅಲ್ಲಿ ಬಾವಲಿ ಇರಬಹುದು ಎಂದು ಗೊತ್ತಿರಲಿಲ್ಲ, ಈಗ ಗೊತ್ತಿತ್ತು.

ಗುರುವಾರ ಮೊದಲ ಬಸ್ಸಿಗೆ ಹೊರಟೆ. ಕ್ರಾಸಿನಲ್ಲಿ ಇಳಿದು ಟಂಟಂ ಹಿಡಿದು ಹೋಗುವಾಗ ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಜಿನ್ನಿನ ಅಂಗಳಕ್ಕೆ ಕಾಲಿಡುವ ಮುಂಚೆಯೇ ಕಾಗೆಗಳ ಗದ್ದಲ ಕೇಳಿಸಿತು. ಗಾರೆ ಕೆಲಸದ ಹುಸೇನಪ್ಪ ಹೊಸ ಸಿಮೆಂಟಿಗೆ ಬಕೆಟ್ಟಿನಿಂದ ನೀರು ಎರಚುತ್ತಿದ್ದ. ಐದು ಬೆಳಕಿಂಡಿಗಳೂ ಮುಚ್ಚಿದ್ದವು. ಪ್ರತಿ ಹೊಸ ತೇಪೆಯ ಅಂಚಿಗೆ, ಆ ಬೆಳ್ಳಂಬೆಳಕಿನಲ್ಲಿ, ಬಾವಲಿಗಳು ಒಂದರ ಮೇಲೊಂದು ಅಂಟಿಕೊಂಡಿದ್ದವು. ಎಲ್ಲದರ ಹಿಂದೆಯೂ ತೆಳ್ಳನೆಯ ಬಾಲ ಜೋತಿತ್ತು.

"ಬೆಳಿಗ್ಗಿಂದ ಹಿಂಗ ಅಂಟ್ಕಂಡಾವ್ರಿ, ಎಷ್ಟ್ ಹೊಡದ್ರೂ ಹೋಗವಲ್ಲವು," ಎಂದ ಹುಸೇನಪ್ಪ. "ಕಾಗಿ ಒಂದೊಂದಾಗಿ ಎತ್ಕಂಡ್ ಹೊಂಟಾವ."

ಹಿಂದಿನ ಸಂಜೆ ಕೊನೆಯ ಕಿಂಡಿ ಮುಚ್ಚಿದ್ದು ಕತ್ತಲಾಗುವ ಹೊತ್ತಿಗೆ. ಅಷ್ಟರಲ್ಲಿ ಒಂದಿಷ್ಟು ತಾಯಂದಿರು ಹುಳ ಹಿಡಿಯಲು ಹೊರಗೆ ಹೋಗಿದ್ದವು. ತಿರುಗಿ ಬಂದು ನೋಡಿದರೆ ಮನೆಯ ಬಾಗಿಲಿಲ್ಲ. ಕಲ್ಲಿನ ಗೋಡೆಗೆ ಕಿವಿ ಇಟ್ಟೆ. ಒಳಗಿನಿಂದ ಸಣ್ಣಗೆ, ಬಿಡುವಿಲ್ಲದ ಚೀರಾಟ.

ಒಡೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಬರೋಬ್ಬರಿ ಐತ್ರಿ ನಿಮ್ದು. ನಾಳಿ ಸಾವ್ಕಾರ್ರು ಬಂದು ಕೇಳಿದ್ರ ನಾ ಏನ್ ಹೇಳ್ಲಿ? ನಿಮ್ಮ ಮೇಡಮ್ಮಾರ ಹೇಳ್ಯಾರಂತ, ಏನೂ ಇಲ್ಲ, ಮುಚ್ಚು ಅಂತ."

ಬೇರೆ ದಾರಿ ಇರಲಿಲ್ಲ.

"ಮೇಡಂದು ತಪ್ಪಿಲ್ಲಪ್ಪ. ನೋಡಿ ಬಾ ಅಂತ ನನ್ನ ಕಳಿಸಿದ್ರು. ನಾ ಬರಲಿಲ್ಲ. ಬರಲಾರ್ದನ ನೋಡೀನಿ ಅಂತ ರಿಜಿಸ್ಟರನ್ಯಾಗ ಬರದೆ. ಸಾವ್ಕಾರ್ರಿಗೆ ನನ್ನ ಹೆಸರು ಹೇಳು, ಸುವರ್ಣಮ್ಮ ಅಂತ."

ಯಾರಿಗೆ ಮೊದಲು ಹೇಳಬೇಕಿತ್ತೋ ಅವರಿಗೆ ಹೇಳದೆ, ಗುರುತಿಲ್ಲದ ಗಾರೆಯವನಿಗೆ ಹೇಳಿದೆ.  ಅವನು ಬಕೆಟ್ಟು ಕೆಳಗಿಟ್ಟು ಉಳಿ, ಸುತ್ತಿಗೆ ತೆಗೆದುಕೊಂಡ.

"ಇನ್ನಾ ಹಸಿ ಐತಿ. ಏಣಿ ಹಿಡೀರಿ."

ನಾನು ಏಣಿ ಹಿಡಿದೆ. ಐದೂ ಕಿಂಡಿ ತೆರೆಯಲು ಮಧ್ಯಾಹ್ನವಾಯಿತು. ಅವನು ಇಟ್ಟಿಗೆಗಳನ್ನು ಒಳಗೆ ಬೀಳದಂತೆ ಒಂದೊಂದಾಗಿ ಹೊರಗೆ ಎಳೆದು ತೆಗೆದ. ತೆರೆದ ಕಿಂಡಿಯೊಳಗೆ ಆ ತಾಯಂದಿರು ತೂರಿಕೊಂಡ ವೇಗ ನೋಡಿ "ಆವ್ವಾ" ಎಂದು ತಲೆ ಹಿಂದೆ ತೆಗೆದ. ಸಾವ್ಕಾರರ ಮನೆಯಿಂದ ಕೀಲಿ ತಂದು, ಕೆಂಪು ಹಾಳೆ ಸುತ್ತಿದ ಟಾರ್ಚು ಹಿಡಿದು ಒಳಗೆ ಹೋದೆ. ಆ ಘಾಟು, ಆ ಕಾವು. ತೊಲೆಗಳ ಸಂದಿಯ ತುಂಬ ತಾಯಂದಿರು, ಮರಿಗಳು. ನೆಲದ ಮೇಲೆ ಮರಿಗಳು ಬಿದ್ದಿದ್ದವು. ಕೂದಲಿನ್ನೂ ಪೂರಾ ಬಂದಿರಲಿಲ್ಲ, ಹೆಬ್ಬೆರಳಿನಷ್ಟು ಮೈ, ಆದರೆ ಬಾಲ ಆಗಲೇ ಉದ್ದ. ಮಿಸುಕುತ್ತಿದ್ದವನ್ನು ಅರಿವೆಯಲ್ಲಿ ಹಿಡಿದು ಗೋಡೆಯ ಒರಟಿಗೆ ಹತ್ತಿಸಿದೆ. ಸತ್ತವನ್ನು ಎಣಿಸಿದೆ. ಹತ್ತೊಂಬತ್ತು.

ಹೊರಗೆ ಬಂದು ಮೇಡಂಗೆ ಫೋನು ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗಿರಿಜಕ್ಕನ ಮನೆ, ಸೀಕರಣಿ, ನಿದ್ದೆ, ಬಸ್ಸು, ಗೀಟು, ನಿನ್ನೆ ಸಂಜೆ. ಅವರು "ಅಲ್ಲೇ ಇರ್ರಿ" ಎಂದು ಫೋನಿಟ್ಟರು.

ಬಿಸಿಲು ಇಳಿಯುವ ಮುಂಚೆ ಸ್ಕೂಟರು ಬಂತು. ಮುಖದ ಧೂಳನ್ನೂ ಒರೆಸಿಕೊಳ್ಳದೆ ಒಳಗೆ ಹೋಗಿ ಬಂದರು. ನನ್ನ ಕಡೆ ನೋಡಲಿಲ್ಲ. ಅವರು ಮುಂಗಡೆಯ ಕಿಂಡಿಗಳಿಗೆ, ನಾನು ಹಿಂಗಡೆಯವಕ್ಕೆ ಮುಖ ಮಾಡಿ ಕೂತೆವು. ಸೂರ್ಯ ಮುಳುಗಿ ಐದು ಹತ್ತು ನಿಮಿಷ ಒಂದೂ ಹೊರಡಲಿಲ್ಲ. ನನ್ನ ಕೈಯ ಎಣಿಸುವ ಯಂತ್ರ ಬೆವರಿಗೆ ಜಾರುತ್ತಿತ್ತು. ಎಲ್ಲ ಸತ್ತೇ ಹೋದವೇನೋ, ನಾನು ನೋಡಿದಾಗ ಬದುಕಿದ್ದವೂ ಆಮೇಲೆ ಸತ್ತವೇನೋ ಎಂದುಕೊಂಡೆ. ಆಮೇಲೆ ಒಂದು ಹೊರಬಿತ್ತು, ಹಿಂದೆಯೇ ಇನ್ನೆರಡು. ಆಮೇಲೆ ಎಣಿಸುವ ಬೆರಳು ನೋಯುವಷ್ಟು. ಭತ್ತದ ಗದ್ದೆಗಳ ಕಡೆ ಎಲ್ಲವೂ ಹೋದವು. ಇಬ್ಬರದ್ದೂ ಕೂಡಿಸಿದರೆ ಇನ್ನೂರ ಎಂಟು. ಕುರುಗೋಡಿನಲ್ಲಿ ಕಾಣೆಯಾದ ಹೆಣ್ಣುಗಳು ಹೆಚ್ಚುಕಡಿಮೆ ಅಷ್ಟೇ. ಸಿರಿಗೇರಿಯವರೆಗೆ ಈ ಬಾವಲಿ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ನಾವಿಬ್ಬರೂ ಕುಣಿಯಬೇಕಾದ ಸುದ್ದಿ.

ಮೇಡಂ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ತೆರೆಯದೆ ಕೇಳಿದರು:

"ಇನ್ನೆಷ್ಟ್ ಅದಾವ ಅಕ್ಕ, ಹಿಂಗ ಬರದದ್ದು?"

"ಇದೊಂದ ಮೇಡಂ."

ಅದು ನಿಜ. ಉಳಿದ ಹದಿಮೂರೂ ನಾನು ಕಣ್ಣಾರೆ ನೋಡಿ ಬರೆದದ್ದು. ಆದರೆ ಆ ಮಾತು ಬಾಯಿಂದ ಬಿದ್ದೊಡನೆ ಅದಕ್ಕೆ ಬೆಲೆಯಿಲ್ಲ ಎಂದು ಇಬ್ಬರಿಗೂ ತಿಳಿಯಿತು. ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. "ನಾಳಿಯಿಂದ ಹದಿಮೂರೂ ಮತ್ತ ನೋಡೂಣು" ಎಂದಷ್ಟೇ ಹೇಳಿ ಸ್ಕೂಟರು ಚಾಲೂ ಮಾಡಿದರು.

ಸಾವ್ಕಾರರು ಮಂತ್ರಾಲಯದಿಂದ ಬಂದು ಮೊದಲು ರೇಗಿದರು. ಆಮೇಲೆ ಒಳಗೆ ಇಣುಕಿ ನೋಡಿ, "ಬಾಣಂತನ ಮುಗಿಸ್ಕಂಡು ಹೋಗ್ಲಿ ಬಿಡ್ರಿ, ಚೀಲಕ್ಕ ತಾಡಪಾಲ ಹೊದಸ್ತೀನಿ," ಎಂದರು. ಅವರು ಅಷ್ಟು ಸುಲಭಕ್ಕೆ ಬಿಟ್ಟದ್ದು ನನಗೆ ಇನ್ನೂ ಭಾರವಾಯಿತು.

ಜುಲೈ ತುಂಬ ನಾವು ತಿರುಗಿದೆವು. ಕಾಲುವೆಗೆ ನೀರು ಬಂದು ದಾರಿಗಳೆಲ್ಲ ಕೆಸರು. ಒಂದೊಂದು ಜಾಗದಲ್ಲೂ ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ನಾನು ನೋಡಿದ ಮೇಲೆ ಹೊಸದಾಗಿ ಬಂದು ಸೇರಿದ್ದರೆ? ಆಗ ನಾನು ನೋಡಿದ್ದೆ ಎಂದು ಯಾರು ನಂಬಬೇಕು? ಹದಿಮೂರರಲ್ಲಿ ಒಂದರಲ್ಲೂ ಬಾವಲಿ ಇರಲಿಲ್ಲ. ನನ್ನ ಹದಿಮೂರು 'ಇಲ್ಲ'ಗಳೂ ನಿಜವಾದವು. ಪ್ರಬಂಧ ಒಪ್ಪಿಸುವ ಗಡುವು ಅಷ್ಟರಲ್ಲಿ ದಾಟಿ, ಮೇಡಂ ಇನ್ನೊಂದು ವರ್ಷ ಕಾಯಬೇಕಾಯಿತು. ನಕ್ಷೆಯಲ್ಲಿ ಸಿರಿಗೇರಿಯ ಸೊನ್ನೆಯನ್ನು ಕರಿ ಚುಕ್ಕೆ ಮಾಡಿದ್ದು ಅವರೇ. ಅವರು ನನ್ನ ಜೊತೆ ಮೊದಲಿನಂತೆ ನಗುತ್ತ ಮಾತಾಡಿದರು, ನನ್ನ ಬುತ್ತಿ ಉಂಡರು, ಮಗಳ ಮದುವೆಗೆ ಬಂದು ಎರಡು ದಿನ ದುಡಿದರು. ನನ್ನೊಬ್ಬಳನ್ನೇ ಮಾತ್ರ ಮತ್ತೆ ಎಲ್ಲಿಗೂ ಕಳಿಸಲಿಲ್ಲ. ನಾನೂ ಕೇಳಲಿಲ್ಲ.

ಈಗ ಬೇರೆ ಜಿಲ್ಲೆಗಳಲ್ಲೂ ಈ ಬಾವಲಿಯನ್ನು ಹುಡುಕುವವರು ಮೇಡಂ ಮಾಡಿದ ನಮೂನೆಯನ್ನೇ ಬಳಸುತ್ತಾರೆ. ಹೋದ ವರ್ಷ ಕೊಪ್ಪಳ ಕಡೆಯ ಇಬ್ಬರು ಹುಡುಗಿಯರು ನಮ್ಮ ಲ್ಯಾಬಿಗೆ ಬಂದಿದ್ದರು. ಅವರ ಕೈಯಲ್ಲಿ ಆ ಹಾಳೆ ಇತ್ತು. ಕೊನೆಯ ಕಾಲಂ: 'ಜೊತೆಗೆ ನೋಡಿದವರ ಸಹಿ'. ಅವರಲ್ಲೊಬ್ಬಳು, ಇದೊಂದು ಕಿರಿಕಿರಿ ಅಕ್ಕ, ಪ್ರತಿ ಸಲ ಇಬ್ಬರೂ ಹೋಗಲೇಬೇಕಾಗುತ್ತದೆ, ಈ ಕಾಲಂ ಯಾಕೆ ಹಾಕಿದ್ದಾರೋ, ಎಂದಳು.

ನಾನು ಹಾಕಿಸಿದ್ದು ಎಂದೆ. ಅವಳು ನಕ್ಕಳು, ತಮಾಷೆ ಅಂದುಕೊಂಡಳೇನೋ. ಕೂರು ಎಂದು ಸ್ಟೂಲು ಎಳೆದು ಕೊಟ್ಟು, ಮೊದಲಿನಿಂದ ಹೇಳಲು ಶುರುಮಾಡಿದೆ.